ತಲೆಯ ಹೊದಿಕೆ: ಅದರ ಐದು ಪದರಗಳ ಅಂಗರಚನೆ

ವೈದ್ಯವಿದ್ಯಾರ್ಥಿಯು ತಲೆಯ ಅಂಗಚ್ಛೇದನಕ್ಕೆ ಕೈಹಚ್ಚಿದಾಗ ಅವನ ಕತ್ತಿಗೆ ಮೊದಲು ಎದುರಾಗುವುದು ಕೂದಲು ಹೊತ್ತ ದಪ್ಪನೆಯ ಒಂದು ಹೊದಿಕೆ. ಇಂಗ್ಲಿಷಿನಲ್ಲಿ ಇದಕ್ಕೆ ಸ್ಕಾಲ್ಪ್ ಎಂಬ ಒಂದೇ ಪುಟ್ಟ ಮಾತುಂಟು. ನಮ್ಮಲ್ಲಿ ನೆತ್ತಿ, ಹಣೆ, ಕಣತಲೆ, ಹೆಡತಲೆ, ಸುಳಿ, ಬುರುಡೆ ಎಂದು ಭಾಗಭಾಗಕ್ಕೂ ಅಚ್ಚುಕಟ್ಟಾದ ಹೆಸರುಗಳಿದ್ದರೂ ಇಡೀ ಹೊದಿಕೆಯನ್ನು ಒಟ್ಟಾಗಿ ಹೇಳುವ ಮಾತು ರೂಢಿಯಲ್ಲಿಲ್ಲ. ‘ತಲೆಯ ಚರ್ಮ’ ಎಂದರೆ ಸಾಲದು. ಚರ್ಮವು ಅದರ ಐದು ಪದರಗಳಲ್ಲಿ ಮೇಲಿನದೊಂದು ಮಾತ್ರ. ಪದಸೃಷ್ಟಿಯ ಗೀಳು ನನಗಿಲ್ಲ. ಆದರೂ ಈ ಲೇಖನದ ಮಟ್ಟಿಗೆ ಅದನ್ನು ‘ತಲೆಹೊದಿಕೆ’ ಎಂದು ಕರೆದುಕೊಳ್ಳೋಣ.

ಅನೇಕ ವರ್ಷ ಮುಂಬಯಿಯಲ್ಲಿ ಅಂಗರಚನಾಶಾಸ್ತ್ರವನ್ನು ಕಲಿಸಿದ ನನಗೆ ಇದನ್ನು ಕನ್ನಡದಲ್ಲಿ ಬರೆಯಬೇಕೆನಿಸಿದುದು ಒಂದು ಮೌಖಿಕ ಪರೀಕ್ಷೆಯಿಂದ. ಕನ್ನಡ ಶಾಲೆಯಲ್ಲಿ ಓದಿ ಬಂದಿದ್ದ ಹುಡುಗನೊಬ್ಬ ಐದು ಪದರಗಳ ಹೆಸರನ್ನೂ ಗಿಣಿಪಾಠದಂತೆ ಒಪ್ಪಿಸಿದ. ನೆತ್ತಿಗೆ ಪೆಟ್ಟು ಬಿದ್ದವನಿಗೆ ಮರುದಿನ ಕಣ್ಣು ಕಪ್ಪಾಗುವುದೇಕೆಂದು ಇಂಗ್ಲಿಷಿನಲ್ಲಿ ಕೇಳಿದೆ, ತಲೆತಗ್ಗಿಸಿ ಸುಮ್ಮನಾದ. ಪರೀಕ್ಷೆ ಮುಗಿದ ಮೇಲೆ ಮೊಗಸಾಲೆಯಲ್ಲಿ ಎದುರಾದಾಗ ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಹಾಕಿದೆ. ಹುಡುಗ ತುಸು ಯೋಚಿಸಿ, “ಹಣೆಯ ಸ್ನಾಯು ಎಲುಬಿಗೆ ಅಂಟಿಲ್ಲವಲ್ಲ ಸರ್, ರಕ್ತಕ್ಕೆ ಮುಂದುಗಡೆ ತಡೆಯೇ ಇಲ್ಲ, ಇಳಿದುಬಿಡುತ್ತದೆ” ಎಂದ. ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಯಾರಿಂದಲೂ ಕೇಳಿಲ್ಲ. ಅಂಕಪಟ್ಟಿಯಾದರೋ ಅಷ್ಟರಲ್ಲಿ ಮುಚ್ಚಿದ ಲಕೋಟೆ ಸೇರಿತ್ತು. ಅದರಲ್ಲಿ ನಾನು ಬರೆದಿದ್ದ ಅಂಕವನ್ನು ನೆನೆದರೆ ಇಂದಿಗೂ ಮನಸ್ಸಿಗೆ ಸಮಾಧಾನವಿಲ್ಲ.

ಇನ್ನು ವಿಷಯಕ್ಕೆ ಬರೋಣ. ತಲೆಹೊದಿಕೆಯ ಎಲ್ಲೆಗಳು ಹೀಗಿವೆ: ಮುಂದೆ ಕಣ್ಣುಗುಳಿಯ ಮೇಲಂಚು, ಅಂದರೆ ಹುಬ್ಬಿನ ಎಲುಬು, ಹಿಂದೆ ಹೆಡತಲೆಯಲ್ಲಿ ಕೈಗೆ ಸಿಗುವ ಗುಬುಟು ಮತ್ತು ಅದರ ಎರಡು ಪಕ್ಕಕ್ಕೂ ಹರಿಯುವ ಎಲುಬಿನ ಏಣು, ಪಕ್ಕಗಳಲ್ಲಿ ಕಿವಿಯ ಮುಂದಿನ ಕೆನ್ನೆಯೆಲುಬಿನ ಕಮಾನು. ಹೀಗಾಗಿ ಹಣೆಯು ಮುಖಕ್ಕೂ ಸೇರುತ್ತದೆ, ತಲೆಹೊದಿಕೆಗೂ ಸೇರುತ್ತದೆ. ಈ ಎಲ್ಲೆಗಳನ್ನು ಈಗಲೇ ನೆನಪಿಟ್ಟುಕೊಳ್ಳಬೇಕು. ಮುಂದೆ ರಕ್ತವಾಗಲಿ ಕೀವಾಗಲಿ ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಎಂಬುದೆಲ್ಲ ಇವನ್ನೇ ಅವಲಂಬಿಸಿದೆ.

ಸ್ಕಾಲ್ಪ್ ಎಂಬ ಮಾತಿನ ಐದು ಇಂಗ್ಲಿಷ್ ಅಕ್ಷರಗಳೇ ಐದು ಪದರಗಳ ಮೊದಲಕ್ಷರಗಳಾಗಿ ಒದಗಿರುವುದು ಆ ಭಾಷೆಯ ವಿದ್ಯಾರ್ಥಿಗಳ ಅದೃಷ್ಟ. ಮೇಲಿನಿಂದ ಕೆಳಕ್ಕೆ ಅವು ತೊಗಲು, ಅದರಡಿಯ ದಟ್ಟವಾದ ನಾರಿನ ಪದರ, ಕಂಡರಪಟಲ, ಸಡಿಲು ಪದರ, ಎಲುಬುಪೊರೆ. ಕನ್ನಡದ ಮೊದಲಕ್ಷರಗಳನ್ನು ಹೇಗೆ ಕೂಡಿಸಿದರೂ ಅರ್ಥವುಳ್ಳ ಮಾತೊಂದು ಹುಟ್ಟಲಿಲ್ಲ. ಆದರೆ ಹೆಸರುಗಳೇ ಆಯಾ ಪದರದ ಗುಣವನ್ನು ಹೇಳುವುದರಿಂದ ನಷ್ಟವೇನೂ ಆಗಿಲ್ಲ. ವಾಚಕರು ಬೆರಳತುದಿಗಳನ್ನು ನೆತ್ತಿಯ ಮೇಲೆ ಬಲವಾಗಿ ಊರಿ ಹಿಂದಕ್ಕೂ ಮುಂದಕ್ಕೂ ಆಡಿಸಿ ನೋಡಲಿ. ಹೊದಿಕೆಯು ಬುರುಡೆಯ ಮೇಲೆ ಜಾರುತ್ತದೆ. ಜಾರುವುದು ಮೊದಲ ಮೂರು ಪದರಗಳು. ಅವು ಒಂದಕ್ಕೊಂದು ಬಿಡಿಸಲಾರದಂತೆ ಬೆಸೆದುಕೊಂಡಿರುವುದರಿಂದ ಒಂದಾಗಿಯೇ ಚಲಿಸುತ್ತವೆ. ಜಾರಲು ಎಡೆಗೊಡುವುದು ನಾಲ್ಕನೆಯದು. ಅಲುಗದೆ ಉಳಿಯುವುದು ಐದನೆಯದು.

ತೊಗಲಿನ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಅದು ದಪ್ಪ, ಸುಮಾರು ಒಂದು ಲಕ್ಷ ಕೂದಲುಗಳ ಬೇರು ಅದರಲ್ಲಿ ನಾಟಿರುತ್ತದೆ, ಬೇರಬುಡಗಳು ಚರ್ಮವನ್ನು ದಾಟಿ ಎರಡನೆಯ ಪದರದವರೆಗೂ ಇಳಿಯುತ್ತವೆ. ಕೂದಲು ತಿಂಗಳಿಗೆ ಸರಿಸುಮಾರು ಒಂದು ಸೆಂಟಿಮೀಟರು ಬೆಳೆಯುತ್ತದೆ. ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜವೇ ಆಗಿದ್ದು, ಬಾಚಣಿಗೆಯನ್ನು ನೋಡಿ ಗಾಬರಿಪಡುವವರಿಗೆ ಇಷ್ಟು ಸಮಾಧಾನವನ್ನು ಶಾಸ್ತ್ರವೇ ಹೇಳುತ್ತದೆ. ತಲೆಯ ಮೇಲೆ ಗೋಲಿಯಂತೆ ನುಣ್ಣಗೆ ಏಳುವ ಗಂತಿಗಳನ್ನು ಬಹುಕಾಲ ಜಿಡ್ಡಿನ ಗ್ರಂಥಿಯ ಗಂತಿಗಳೆಂದೇ ಕರೆಯುತ್ತಿದ್ದರು, ಹಳೆಯ ವೈದ್ಯರು ಈಗಲೂ ಹಾಗೆಯೇ ಕರೆಯುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವುಗಳಲ್ಲಿ ಹೆಚ್ಚಿನವು ಕೂದಲ ಬೇರಿನ ಒರೆಯಿಂದ ಹುಟ್ಟಿದವೆಂದು ತಿಳಿದುಬಂದಿದೆ.

ಎರಡನೆಯ ಪದರವು ನೋಡಲು ಸಾಮಾನ್ಯ, ಆದರೆ ತಲೆಯ ಗಾಯಗಳ ಸ್ವಭಾವವೆಲ್ಲ ಅದರಲ್ಲಿ ಅಡಗಿದೆ. ಇಲ್ಲಿ ಕೊಬ್ಬು ಸಣ್ಣ ಸಣ್ಣ ಕೋಣೆಗಳಲ್ಲಿ ತುಂಬಿದ್ದು, ಕೋಣೆಗಳ ಗೋಡೆಗಳು ಗಟ್ಟಿ ನಾರಿನವು. ಅವು ಮೇಲಿನ ತೊಗಲನ್ನು ಕೆಳಗಿನ ಕಂಡರಪಟಲಕ್ಕೆ ಹೊಲಿದುಬಿಟ್ಟಂತೆ ಹಿಡಿದಿರುತ್ತವೆ. ತಲೆಹೊದಿಕೆಯ ರಕ್ತನಾಳಗಳೂ ನರಗಳೂ ಹರಿಯುವುದು ಈ ಪದರದಲ್ಲಿಯೇ. ದೇಹದ ಬೇರೆಡೆ ಧಮನಿಯೊಂದು ಕತ್ತರಿಸಿದಾಗ ಅದರ ತುದಿಯು ಸಂಕುಚಿತವಾಗಿ ಒಳಸರಿದು ರಕ್ತಸ್ರಾವವು ತಕ್ಕಮಟ್ಟಿಗೆ ತಾನಾಗಿ ತಗ್ಗುತ್ತದೆ. ತಲೆಯಲ್ಲಿ ಧಮನಿಯ ಗೋಡೆಯೇ ನಾರಿಗೆ ಅಂಟಿಕೊಂಡಿರುವುದರಿಂದ ಕತ್ತರಿಸಿದ ಬಾಯಿ ತೆರೆದೇ ಉಳಿಯುತ್ತದೆ. ಬಾಗಿಲ ಮೂಲೆ ತಾಗಿ ಒಂದಂಗುಲ ಸೀಳಿದ ಮಗುವಿನ ತಲೆಯಿಂದ ಅಂಗಿಯೆಲ್ಲ ತೋಯುವಂತೆ ನೆತ್ತರು ಹರಿದು ಮನೆಮಂದಿ ಕಂಗಾಲಾಗುವುದು ಇದರಿಂದಲೇ. ಪರಿಹಾರವೂ ಅಂಗರಚನೆಯಲ್ಲಿಯೇ ಇದೆ: ಅಡಿಯಲ್ಲಿ ಕಲ್ಲಿನಂಥ ಬುರುಡೆ ಇರುವುದರಿಂದ ಶುಭ್ರವಾದ ಬಟ್ಟೆಯನ್ನಿಟ್ಟು ಅಂಗೈಯಿಂದ ಗಾಯದ ಅಂಚನ್ನು ಎಲುಬಿಗೆ ಒತ್ತಿಹಿಡಿದರೆ ಸಾಮಾನ್ಯವಾಗಿ ರಕ್ತ ನಿಲ್ಲುತ್ತದೆ, ಎಲುಬೇ ಒಡೆದು ಒಳಕ್ಕೆ ಕುಸಿದಿರುವ ಶಂಕೆಯಿದ್ದರೆ ಮಾತ್ರ ಹಾಗೆ ಒತ್ತಲಾಗದು. ನಮ್ಮ ಮನೆಗಳಲ್ಲಿ ಗಾಯಕ್ಕೆ ಕಾಫಿಪುಡಿಯನ್ನೋ ಅರಿಸಿನವನ್ನೋ ಮೆತ್ತುವ ಪದ್ಧತಿಯಿದೆ. ಬೆರಳಿನ ಗಾಯಕ್ಕೆ ಅದು ಹೇಗೋ ಏನೋ, ತಲೆಯ ಆಳವಾದ ಗಾಯಕ್ಕೆ ಎಷ್ಟುಮಾತ್ರಕ್ಕೂ ಸಲ್ಲದು. ಕಾರಣವು ನಾಲ್ಕನೆಯ ಪದರಕ್ಕೆ ಬಂದಾಗ ತಾನೇ ತಿಳಿಯುತ್ತದೆ.

ನಾರಿನ ಈ ಬಿಗಿತಕ್ಕೆ ಇನ್ನೊಂದು ಫಲವಿದೆ. ಇಲ್ಲಿ ಕುರು ಎದ್ದರೆ ಊದಲು ಜಾಗವಿಲ್ಲದೆ ಊತ ಸ್ವಲ್ಪ, ನೋವು ಅಪಾರ. ನ್ಯಾಯವೈದ್ಯಕ್ಕೂ ಈ ಪದರವು ಸಂಬಂಧಪಟ್ಟಿದೆ. ಗಟ್ಟಿಯಾದ ಬುರುಡೆಯ ಮೇಲೆ ಬಿಗಿಯಾಗಿ ಹೊದೆದ ತೊಗಲಿಗೆ ದೊಣ್ಣೆಯ ಪೆಟ್ಟು ಬಿದ್ದರೂ ಅದು ನೇರ ಗೆರೆಯಾಗಿ ಸೀಳಿ, ಕತ್ತಿಯಿಂದ ಕೊಯ್ದಂತೆಯೇ ಕಾಣುತ್ತದೆ. ಅನುಭವವಿಲ್ಲದ ವೈದ್ಯನು ಅದನ್ನು ಹರಿತವಾದ ಆಯುಧದ ಗಾಯವೆಂದು ಬರೆದುಕೊಟ್ಟರೆ ಮೊಕದ್ದಮೆಯ ದಿಕ್ಕೇ ಬದಲಾದೀತು. ಭೂತಗನ್ನಡಿ ಹಿಡಿದು ನೋಡಿದರೆ ಅಂಚುಗಳು ಜಜ್ಜಿರುವುದೂ, ಕೂದಲ ಬುಡಗಳು ಅರೆದುಹೋಗಿರುವುದೂ, ಗಾಯದ ಆಳದಲ್ಲಿ ಒಂದು ದಡದಿಂದ ಇನ್ನೊಂದಕ್ಕೆ ನಾರಿನ ಎಳೆಗಳು ಹರಿಯದೆ ಉಳಿದಿರುವುದೂ ಕಾಣುತ್ತದೆ. ಕತ್ತಿಯು ಎಳೆಗಳನ್ನು ಉಳಿಸುವುದಿಲ್ಲ.

ಮೂರನೆಯ ಪದರವನ್ನು ಗೇಲಿಯಾ ಎಂದೂ ಕರೆಯುತ್ತಾರೆ. ಲ್ಯಾಟಿನಿನಲ್ಲಿ ಅದಕ್ಕೆ ಶಿರಸ್ತ್ರಾಣವೆಂದು ಅರ್ಥ. ಹಣೆಯಲ್ಲಿ ಒಂದು ಜೋಡಿ, ಹೆಡತಲೆಯಲ್ಲಿ ಒಂದು ಜೋಡಿ, ಹೀಗೆ ನಾಲ್ಕು ತೆಳುಸ್ನಾಯುಗಳ ನಡುವೆ ಬಿಗಿದ ಕಂಡರದ ಹಾಳೆಯಿದು. ಹಿಂದಿನ ಸ್ನಾಯುಗಳು ಹೆಡತಲೆಯ ಏಣಿನಿಂದ, ಎಂದರೆ ಎಲುಬಿನಿಂದ ಹೊರಡುತ್ತವೆ. ಮುಂದಿನವುಗಳಿಗೆ ಎಲುಬಿನ ಆಸರೆಯೇ ಇಲ್ಲ. ಅವು ಹುಬ್ಬಿನ ತೊಗಲಿನಲ್ಲಿ ಕೊನೆಗೊಳ್ಳುತ್ತವೆ. ಪಕ್ಕಗಳಲ್ಲಿ ಹಾಳೆಯು ತೆಳುವಾಗುತ್ತಾ ಕಣತಲೆಯ ಮೇಲಿಂದ ಇಳಿದು ಕೆನ್ನೆಯೆಲುಬಿನ ಕಮಾನನ್ನು ಸೇರುತ್ತದೆ. ಆಶ್ಚರ್ಯವಾದಾಗ ಹುಬ್ಬೇರಿಸುವುದೂ ಚಿಂತೆಯಲ್ಲಿ ಹಣೆಯ ಮೇಲೆ ಅಡ್ಡಗೆರೆಗಳೇಳುವುದೂ ಈ ಮುಂದಿನ ಸ್ನಾಯುಗಳ ಕೆಲಸ. ಅವನ್ನು ನಡೆಸುವುದು ಮುಖದ ನರ. ಪಾರ್ಶ್ವವಾಯುವಿನಲ್ಲಿ ಮಿದುಳಿಗೆ ಪೆಟ್ಟಾಗಿ ಬಾಯಿ ಸೊಟ್ಟಗಾದವನೂ ಹಣೆಯನ್ನು ಎರಡು ಕಡೆಯೂ ಸುಕ್ಕಿಸಬಲ್ಲನು, ಏಕೆಂದರೆ ಹಣೆಗೆ ಮಿದುಳಿನ ಎರಡು ಪಾರ್ಶ್ವಗಳಿಂದಲೂ ಆಜ್ಞೆ ಬರುತ್ತದೆ; ನರಕ್ಕೇ ಏಟು ಬಿದ್ದಿದ್ದರೆ ಆ ಪಕ್ಕದ ಹಣೆಯೂ ಸಪಾಟಾಗುತ್ತದೆ. ರೋಗಿಗೆ ‘ಹುಬ್ಬೇರಿಸಿ’ ಎಂದು ಹೇಳುವ ಒಂದು ಮಾತಿನಿಂದ ಬಯಲಾಗುವ ಈ ಭೇದವನ್ನು ವಿದ್ಯಾರ್ಥಿಯು ಮರೆಯಲಾಗದು. ಶಸ್ತ್ರವೈದ್ಯನಿಗೆ ಇದೇ ಸ್ನಾಯುಗಳ ಸೆಳೆತ ಬೇರೊಂದು ರೀತಿಯಲ್ಲಿ ಮುಖ್ಯ: ಹಾಳೆಯು ಅಡ್ಡಡ್ಡಲಾಗಿ ಕತ್ತರಿಸಿದ್ದರೆ ಹಿಂದುಮುಂದಿನ ಸೆಳೆತಕ್ಕೆ ಗಾಯವು ಬಾಯ್ದೆರೆಯುತ್ತದೆ, ಹಾಳೆ ಉಳಿದಿದ್ದರೆ ತೊಗಲಿನ ಗಾಯವು ಅಷ್ಟಾಗಿ ತೆರೆಯುವುದಿಲ್ಲ. ಬಾಯ್ದೆರೆದ ಗಾಯದಲ್ಲಿ ಹಾಳೆಯನ್ನು ಮೊದಲು ಹೊಲಿಯದೆ ತೊಗಲನ್ನಷ್ಟೇ ಹೊಲಿದವನು ಕೆಲಸವನ್ನು ಅರ್ಧಕ್ಕೆ ಬಿಟ್ಟಂತೆ.

ನಾಲ್ಕನೆಯದಾದ ಸಡಿಲು ಪದರವನ್ನು ಎಲ್ಲ ಪಠ್ಯಗಳೂ ಅಪಾಯದ ಪದರವೆಂದು ಕರೆಯುತ್ತವೆ. ಜೇಡರ ಬಲೆಯಂಥ ಸಡಿಲವಾದ ಎಳೆಗಳಷ್ಟೇ ಅದರಲ್ಲಿರುವುದು. ಅಂಗಚ್ಛೇದನ ಮಾಡುವಾಗ ಇಲ್ಲಿ ಕತ್ತಿಯೂ ಬೇಡ, ಬೆರಳು ತೂರಿಸಿದರೆ ಸಾಕು, ಹೊದಿಕೆಯು ಬುರುಡೆಯಿಂದ ಬಿಟ್ಟುಬರುತ್ತದೆ. ಹೀಗೆ ತಡೆಯಿಲ್ಲದ ಬಯಲಾದ್ದರಿಂದ ಇಲ್ಲಿ ಸುರಿದ ರಕ್ತವೂ ಕೂಡಿದ ಕೀವೂ ಇಡೀ ತಲೆಯನ್ನು ವ್ಯಾಪಿಸಬಲ್ಲವು. ಹಿಂದಕ್ಕೆ ಹೆಡತಲೆಯ ಏಣು, ಪಕ್ಕಕ್ಕೆ ಕೆನ್ನೆಯ ಕಮಾನು ಅಡ್ಡಗಟ್ಟುತ್ತವೆ. ಮುಂದಕ್ಕೆ ಮಾತ್ರ, ಆ ಹುಡುಗ ಹೇಳಿದಂತೆ, ಹಣೆಯ ಸ್ನಾಯುವು ಎಲುಬಿಗೆ ಅಂಟಿಲ್ಲದ ಕಾರಣ ಅಣೆಕಟ್ಟೆಯೇ ಇಲ್ಲ. ರಕ್ತವು ಮೆಲ್ಲಗೆ ಮೇಲ್ರೆಪ್ಪೆಗೂ ಮೂಗಿನ ಬುಡಕ್ಕೂ ಇಳಿದು ಒಂದೆರಡು ದಿನಗಳಲ್ಲಿ ಕಣ್ಣು ಕಪ್ಪಾಗುತ್ತದೆ. ಕಣ್ಣಿಗೇ ಗುದ್ದು ಬಿದ್ದಿದ್ದರೆ ಕಪ್ಪು ಬೇಗನೆ ಮೂಡುತ್ತದೆ. ಬುರುಡೆಯ ತಳವೇ ಬಿರುಕುಬಿಟ್ಟಾಗಲೂ ಕಣ್ಣುಗಳ ಸುತ್ತ ಕಪ್ಪು ಕಾಣಿಸಿಕೊಳ್ಳುವುದುಂಟು. ಆದುದರಿಂದ ತಲೆಗೆ ಪೆಟ್ಟಾದ ಮೇಲೆ ಎರಡು ಕಣ್ಣೂ ಕಪ್ಪಾದವನನ್ನು ‘ರಕ್ತ ಇಳಿದಿದೆ ಅಷ್ಟೇ’ ಎಂದು ಮನೆಗೆ ಕಳಿಸಲಾಗದು. ಈಚೆಗೆ ಬೋಳುತಲೆಗೆ ಕೂದಲು ನಾಟಿಸಿಕೊಳ್ಳುವವರು ಹೆಚ್ಚಿದ್ದಾರೆ. ನಾಟಿಯಾದ ಮೂರು ನಾಲ್ಕು ದಿನಗಳಲ್ಲಿ ಅವರ ಹಣೆಯೂ ರೆಪ್ಪೆಗಳೂ ಊದಿಕೊಳ್ಳುವುದುಂಟು. ಚುಚ್ಚಿದ ಔಷಧದ ನೀರು ಹಿಡಿಯುವ ದಾರಿಯೂ ಇದೇ.

ಅಪಾಯವೆಂಬ ಹೆಸರು ಬಂದುದಾದರೋ ದೂತಸಿರೆಗಳಿಂದ. ಬುರುಡೆಯ ಸಣ್ಣ ರಂಧ್ರಗಳ ಮೂಲಕ ತಲೆಹೊದಿಕೆಯ ಸಿರೆಗಳನ್ನು ಮಿದುಳಿನ ಹೊದಿಕೆಯೊಳಗಿನ ದೊಡ್ಡ ಸಿರಾಕಾಲುವೆಗಳಿಗೆ ಕೂಡಿಸುವ ಪುಟ್ಟ ಸಿರೆಗಳಿವು. ಇವುಗಳಲ್ಲಿ ಕವಾಟಗಳಿಲ್ಲ, ರಕ್ತವು ಹೊರಕ್ಕೂ ಹರಿಯಬಹುದು, ಒಳಕ್ಕೂ ಹರಿಯಬಹುದು. ಮಲಿನವಾದ ಗಾಯದಿಂದ ಸಡಿಲು ಪದರಕ್ಕೆ ಸೋಂಕು ತಗುಲಿದರೆ ದೂತನು ಅದನ್ನೂ ಒಳಗೆ ಒಯ್ದು ಒಪ್ಪಿಸುತ್ತಾನೆ. ಒಳಗಿನ ಕಾಲುವೆಗಳಲ್ಲಿ ರಕ್ತ ಹೆಪ್ಪುಗಟ್ಟುವುದು, ಮಿದುಳ ಪೊರೆಯ ಉರಿಯೂತ, ಇವು ಮುಂದಿನ ಮಜಲುಗಳು. ಕಾಫಿಪುಡಿ ಬೇಡವೆಂದುದು ಇದಕ್ಕಾಗಿ. ಪ್ರಾಚೀನರು ಈ ದಾರಿಯನ್ನು ಕಂಡಿದ್ದರೆಂದು ಹೇಳಲಾಗದು. ಆದರೂ ಸುಶ್ರುತನು ದೇಹದ 107 ಮರ್ಮಗಳಲ್ಲಿ ತಲೆಬುರುಡೆಯ ಐದು ಸಂಧಿಗಳನ್ನು ಸೀಮಂತಗಳೆಂದು ಎಣಿಸಿ, ನೆತ್ತಿಯ ಒಳಗೆ ಸಿರೆಗಳೂ ಸಂಧಿಗಳೂ ಕೂಡುವೆಡೆಯನ್ನು ಅಧಿಪತಿಯೆಂದು ಕರೆದು, ಹೊರಗಿನಿಂದ ಅದನ್ನು ಕೂದಲ ಸುಳಿಯಿಂದ ಗುರುತಿಸಿದ್ದಾನೆಂಬುದು ಗಮನಾರ್ಹ. ಅಲ್ಲಿನ ಏಟನ್ನು ಅವನು ಸದ್ಯಃಪ್ರಾಣಹರಗಳ ಗುಂಪಿಗೆ ಸೇರಿಸಿದ್ದಾನೆ.

ಈ ಬಯಲು ಪದರವು ಅತ್ಯಂತ ಕ್ರೂರವಾಗುವುದು ನವಜಾತ ಶಿಶುವಿನಲ್ಲಿ. ಹೆರಿಗೆಯ ವೇಳೆಯಲ್ಲಿ ಶಿಶುವಿನ ತಲೆಯ ಮೇಲೆ ಮೂರು ಬಗೆಯ ಊತಗಳು ಬರಬಹುದು. ಮೂರನ್ನೂ ಪದರದ ಜ್ಞಾನವೊಂದೇ ಬೇರ್ಪಡಿಸುತ್ತದೆ. ಮೊದಲನೆಯದು ತೊಗಲಡಿಯ ನೀರೂತ. ಹುಟ್ಟುವಾಗಲೇ ಇರುತ್ತದೆ, ಒತ್ತಿದರೆ ಕುಳಿಬೀಳುತ್ತದೆ, ಬುರುಡೆಯ ಸಂಧಿಗೆರೆಗಳನ್ನು ಲೆಕ್ಕಿಸದೆ ಹರಡಿ, ಒಂದೆರಡು ದಿನಗಳಲ್ಲಿ ಕರಗುತ್ತದೆ. ಎರಡನೆಯದು ಎಲುಬುಪೊರೆಯ ಅಡಿಯ ರಕ್ತಗಂತಿ. ಐದನೆಯ ಪದರವಾದ ಈ ಪೊರೆಯು ಎಲುಬಿನ ಮೇಲೆ ಸುಲಭವಾಗಿ ಬಿಟ್ಟೇಳುವಂತಿದ್ದರೂ ಸಂಧಿಗೆರೆಗಳಲ್ಲಿ ಮಾತ್ರ ಒಳಕ್ಕಿಳಿದು ಬುರುಡೆಯೊಳಗಿನ ಪೊರೆಯೊಂದಿಗೆ ಕೂಡಿಕೊಂಡಿರುತ್ತದೆ. ಆದುದರಿಂದ ಅದರಡಿಯಲ್ಲಿ ನಿಂತ ರಕ್ತವು ಒಂದೇ ಎಲುಬಿಗೆ, ಸಾಮಾನ್ಯವಾಗಿ ನೆತ್ತಿಯ ಪಕ್ಕದ ಎಲುಬಿಗೆ ಸೀಮಿತವಾಗಿ, ಆ ಎಲುಬಿನ ಆಕಾರವನ್ನೇ ತಾಳುತ್ತದೆ. ಹುಟ್ಟಿದ ಕೆಲವು ಗಂಟೆಗಳ ಮೇಲೆ ಕಾಣಿಸಿಕೊಂಡು, ವಾರಗಟ್ಟಲೆ ಉಳಿದು, ತಾನಾಗಿ ಇಂಗುತ್ತದೆ. ಇಂಗುವಾಗ ಕಾಮಾಲೆ ಹೆಚ್ಚಾಗಬಹುದಾದ್ದರಿಂದ ಮಗುವಿನ ಮೇಲೆ ಕಣ್ಣಿಟ್ಟಿದ್ದರೆ ಸಾಕು. ಸೂಜಿ ಚುಚ್ಚಿ ರಕ್ತ ತೆಗೆಯುವುದೆಂದರೆ ಸೋಂಕಿಗೆ ಬಾಗಿಲು ತೆರೆದಂತೆ.

ಮೂರನೆಯದು ಸಡಿಲು ಪದರದೊಳಗಿನ ರಕ್ತಸ್ರಾವ. ನಿರ್ವಾತ ಬಟ್ಟಲನ್ನು ತಲೆಗೆ ಹಚ್ಚಿ ಎಳೆದು ಮಾಡಿಸಿದ ಹೆರಿಗೆಗಳಲ್ಲಿ ಇದರ ಭಯ ಹೆಚ್ಚು. ಸಂಧಿಗೆರೆಯ ತಡೆ ಇಲ್ಲಿಲ್ಲ. ಮೂರು ಕಿಲೋ ತೂಗುವ ಶಿಶುವಿನ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು 250 ಮಿಲಿಲೀಟರು. ಸಡಿಲು ಪದರವು ಹೆಚ್ಚುಕಡಿಮೆ ಅಷ್ಟನ್ನೂ ತನ್ನೊಳಗೆ ತುಂಬಿಕೊಳ್ಳಬಲ್ಲದು. ಹೊರಗೆ ಒಂದು ತೊಟ್ಟು ನೆತ್ತರು ಕಾಣದೆ ಮಗು ತನ್ನ ತಲೆಯೊಳಕ್ಕೇ ರಕ್ತ ಸುರಿಸಿಕೊಂಡು ಬಿಳುಪೇರಬಹುದು. ಊತವು ಮೆತ್ತಗೆ ಅಲೆಯಾಡುತ್ತಾ ಕಿವಿಯನ್ನು ಮುಂದಕ್ಕೆ ತಳ್ಳುವುದು, ಕತ್ತಿನ ಬುಡದವರೆಗೂ ರೆಪ್ಪೆಯವರೆಗೂ ಇಳಿಯುವುದು, ಮಗು ಹಾಲು ಬಿಡುವುದು, ಉಸಿರು ತ್ವರಿತವಾಗುವುದು, ಇವು ಕಂಡರೆ ಗಳಿಗೆಯೂ ತಡಮಾಡದೆ ರಕ್ತ ಕೊಡುವ ಸೌಕರ್ಯವಿರುವ ಆಸ್ಪತ್ರೆಗೆ ಒಯ್ಯಬೇಕು. ನಮ್ಮ ಬಾಣಂತಿಮನೆಗಳಲ್ಲಿ ಅಜ್ಜಿಯರು ಹರಳೆಣ್ಣೆ ಹಚ್ಚಿ ಮಗುವಿನ ತಲೆಯನ್ನು ಒತ್ತಿ ಒತ್ತಿ ದುಂಡಗೆ ಮಾಡುವುದುಂಟು. ನೆತ್ತಿಗೆ ಎಣ್ಣೆ ತಟ್ಟುವ ಆ ಪ್ರೀತಿಗೆ ನಾನು ಅಡ್ಡಿ ಹೇಳುವವನಲ್ಲ. ಊತವಿರುವ ತಲೆಯನ್ನು ಮಾತ್ರ ಒತ್ತಬಾರದೆಂದು ಸೊಸೆಯಂದಿರು ಹೇಳಿದರೆ ಅತ್ತೆಯರು ಕೇಳಬೇಕು.

ದೊಡ್ಡ ಮಕ್ಕಳಲ್ಲಿ ಇದೇ ಪದರವು ಒಮ್ಮೊಮ್ಮೆ ಕಣ್ಕಟ್ಟು ಮಾಡುತ್ತದೆ. ಬುರುಡೆ ಒಡೆದು ಅದರಡಿಯ ಪೊರೆಯೂ ಹರಿದಿದ್ದರೆ ಒಳಗಿನ ರಕ್ತವು ಬಿರುಕಿನ ಮೂಲಕ ಹೊರಬಂದು ಇಲ್ಲಿ ಸೇರುವುದರಿಂದ ಮಿದುಳು ಅದುಮಿದ ಲಕ್ಷಣಗಳು ತಡವಾಗಿ ತೋರುತ್ತವೆ. ಮಗು ಆಡಿಕೊಂಡಿದೆಯೆಂದು ನಂಬಿ ಕೂರುವಂತಿಲ್ಲ.

ಇನ್ನು ರಕ್ತನಾಳಗಳು. ಪ್ರತಿ ಪಕ್ಕದಲ್ಲೂ ಐದೈದು ಧಮನಿಗಳು ತಲೆಹೊದಿಕೆಗೆ ಬರುತ್ತವೆ: ಹಣೆಯಲ್ಲಿ ಎರಡು, ಕಣತಲೆಯಲ್ಲಿ ಒಂದು, ಕಿವಿಯ ಹಿಂದೆ ಒಂದು, ಹೆಡತಲೆಯಲ್ಲಿ ಒಂದು. ಹಣೆಯ ಎರಡು ಮಿದುಳಿಗೆ ಹೋಗುವ ಒಳ ಕೆರೋಟಿಡ್ ಧಮನಿಯ ಕವಲುಗಳು; ಉಳಿದ ಮೂರು ಮುಖಕ್ಕೆ ಬರುವ ಹೊರ ಕೆರೋಟಿಡಿನವು. ಎರಡು ವಂಶಗಳೂ ನೆತ್ತಿಯ ಮೇಲೆ ಕೈಕೈ ಹಿಡಿಯುತ್ತವೆ, ಎಡಬಲಗಳೂ ಪರಸ್ಪರ ಕೂಡುತ್ತವೆ. ಕಿವಿಯ ಮುಂದೆ ಬೆರಳಿಟ್ಟರೆ ಮಿಡಿಯುವುದು ಕಣತಲೆಯ ಧಮನಿ. ವಯಸ್ಸಾದವರಲ್ಲಿ ಅದು ಹಾವಿನಂತೆ ಅಂಕುಡೊಂಕಾಗಿ ಎದ್ದು ಕಾಣುತ್ತದೆ. ಎಲ್ಲ ನಾಳಗಳೂ ನರಗಳೂ ಅಂಚಿನಿಂದ ನೆತ್ತಿಯ ಕಡೆಗೆ ಏರುವುದರಿಂದ, ಮಿದುಳಿನ ಶಸ್ತ್ರಕ್ರಿಯೆಗಾಗಿ ಹೊದಿಕೆಯನ್ನು ತೆರೆಯುವವರು ಅದನ್ನು ಕೆಳಗಡೆ ಬುಡವುಳ್ಳ ಬಾಗಿಲಿನಂತೆ ಕತ್ತರಿಸುತ್ತಾರೆ. ಬುಡ ಮೇಲಾದರೆ ಬಾಗಿಲಿಗೆ ರಕ್ತವೂ ಇಲ್ಲ, ಸ್ಪರ್ಶವೂ ಇಲ್ಲ.

ಈ ರಕ್ತಸಮೃದ್ಧಿಯ ಬೆಲೆ ತಿಳಿಯುವುದು ಹೊದಿಕೆಯೇ ಕಿತ್ತುಹೋದಾಗ. ಹೆಂಗಸರ ಉದ್ದ ಜಡೆಯು ಒಕ್ಕುವ ಯಂತ್ರಕ್ಕೋ ತಿರುಗುವ ಪಟ್ಟಿಗೋ ಸಿಕ್ಕರೆ ಸಡಿಲು ಪದರದ ನೆಲೆಯಲ್ಲಿಯೇ ಹುಬ್ಬಿನಿಂದ ಹೆಡತಲೆಯವರೆಗೆ ಹೊದಿಕೆಯು ಒಂದೇ ತುಂಡಾಗಿ ಬಿಟ್ಟುಬರುತ್ತದೆ. ಉತ್ತರ ಅಮೆರಿಕದ ಗಡಿಯುದ್ಧಗಳಲ್ಲಿ ತಲೆಹೊದಿಕೆ ಕೊಯ್ಯುತ್ತಿದ್ದುದೂ ಇದೇ ಪದರದಲ್ಲಿ. ಅದನ್ನು ಮಾಡಿದವರು ಎರಡು ಪಕ್ಷದವರೂ ಹೌದು. ಹಾಗೆ ಕೊಯ್ಸಿಕೊಂಡೂ ಬದುಕಿದವರಿದ್ದರು. ಬುರುಡೆಗೆ ಒಳಗಿನಿಂದಲೂ ರಕ್ತ ಬರುವುದರಿಂದ ಅದು ಕೂಡಲೇ ಸಾಯುವುದಿಲ್ಲ. ಎಲುಬುಪೊರೆಯೂ ಹೋಗಿದ್ದರೆ ಮಾತ್ರ ಮೇಲ್ಮೈ ಒಣಗಿ ಕರಿಗಟ್ಟುತ್ತದೆ. ನ್ಯಾಶ್‌ವಿಲ್ಲಿನ ಜೇಮ್ಸ್ ರಾಬರ್ಟ್‌ಸನ್ ಎಂಬಾತನು 1806ರಲ್ಲಿ ಫಿಲಡೆಲ್ಫಿಯದ ವೈದ್ಯಪತ್ರಿಕೆಯೊಂದರಲ್ಲಿ ಇದರ ಚಿಕಿತ್ಸೆಯನ್ನು ವರ್ಣಿಸಿದ್ದಾನೆ. ಆತನು ವೈದ್ಯನಲ್ಲ, ವಲಸೆಗಾರರ ಮುಖಂಡ. ಬುರುಡೆಯ ಹೊರಹಾಳೆಯಲ್ಲಿ ದಬ್ಬಳದಿಂದ ಒತ್ತೊತ್ತಾಗಿ ತೂತು ಕೊರೆದರೆ ಒಳಗಿನಿಂದ ಕೆಂಪು ಮಾಂಸಾಂಕುರಗಳು ಮೇಲೆದ್ದು ಹರಡಿ ಎಲುಬನ್ನು ಮುಚ್ಚುತ್ತವೆಂಬುದು ಆತನು ವರ್ಣಿಸಿದ ಕ್ರಮ. ಈ ಉಪಾಯವನ್ನು ಚರ್ಮದ ಕಸಿಗೆ ಹಾಸಿಗೆ ಸಿದ್ಧಪಡಿಸಲು ಮುಂದಿನವರೂ ಬಳಸಿದರು.

ಕಿತ್ತುಬಂದ ಹೊದಿಕೆಯನ್ನೇ ಮರಳಿ ಕೂಡಿಸುವುದು ಸೂಕ್ಷ್ಮದರ್ಶಕದ ಅಡಿಯಲ್ಲಿ ಒಂದೆರಡು ಮಿಲಿಮೀಟರಿನ ನಾಳಗಳನ್ನು ಹೊಲಿಯುವ ಕಲೆ ಬಂದ ಮೇಲೆ ಸಾಧ್ಯವಾಯಿತು. ಅದರ ಮೊದಲ ಯಶಸ್ಸನ್ನು ಮಿಲ್ಲರ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದರು. ನಮ್ಮ ದೇಶದ ಪಾಲು ಇದರಲ್ಲಿ ಸಣ್ಣದಲ್ಲ. 1994ರಲ್ಲಿ ಪಂಜಾಬಿನ ಒಂಬತ್ತು ವರ್ಷದ ಬಾಲಕಿಯೊಬ್ಬಳ ಜಡೆಯು ಒಕ್ಕುವ ಯಂತ್ರಕ್ಕೆ ಸಿಲುಕಿ ತಲೆಹೊದಿಕೆಯೊಡನೆ ಮುಖವೂ ಹರಿದುಬಂದಿತು. ಮನೆಯವರು ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದರು. ಲೂಧಿಯಾನದ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಶಸ್ತ್ರವೈದ್ಯ ಅಬ್ರಹಾಂ ಥಾಮಸ್ ಅವರು ಧಮನಿ ಸಿರೆಗಳನ್ನು ಜೋಡಿಸಿ ಅವನ್ನು ಉಳಿಸಿದರು. ಮುಖವನ್ನೇ ಮರಳಿ ಕೂಡಿಸಿದ ಮೊದಲ ಶಸ್ತ್ರಕ್ರಿಯೆಯೆಂದು ಅದು ಜಗತ್ತಿನಲ್ಲಿ ಹೆಸರಾಯಿತು. ಒಳ್ಳೆಯ ಧಮನಿಯೊಂದು, ಸಿರೆಯೊಂದು ಹೊಂದಿಕೊಂಡರೂ ಇಡೀ ತಲೆಹೊದಿಕೆಯು ಬದುಕಬಲ್ಲದು. ನೆತ್ತಿಯ ಮೇಲೆ ನಾಳಗಳು ಕೈಹಿಡಿದುಕೊಂಡಿರುವುದರ ಫಲವಿದು. ಇಂಥ ದುರ್ಘಟನೆಯಾದಾಗ ತುಂಡನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿರಿಸಿ, ಚೀಲವನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟು ತರಬೇಕು. ಮಂಜುಗಡ್ಡೆ ನೇರವಾಗಿ ತಾಗಕೂಡದು. ಕೂದಲು ಬೋಳಿಸಿ ಕಾಲಹರಣ ಮಾಡುವುದೂ ಬೇಡ.

ನರಗಳನ್ನು ಸಂಕ್ಷೇಪವಾಗಿ ಹೇಳಿ ಮುಗಿಸಬಹುದು. ಕಿವಿಯಿಂದ ಮುಂದಿನ ಸ್ಪರ್ಶವು ಐದನೆಯ ಕಪಾಲನರದ ಮೂರು ಕವಲುಗಳಿಗೆ ಸೇರಿದ್ದು, ಹಿಂದಿನದು ಕತ್ತಿನ ಎರಡು ಮತ್ತು ಮೂರನೆಯ ನರಗಳದು. ಕತ್ತಿನ ಮೇಲ್ಗಡೆಯ ದೋಷವು ಹೆಡತಲೆಯ ನೋವಾಗಿ ನೆತ್ತಿಗೇರುವುದು ಈ ದಾರಿಯಿಂದಲೇ.

ದುಗ್ಧಗ್ರಂಥಿಗಳು ತಲೆಹೊದಿಕೆಯಲ್ಲಿ ಒಂದೂ ಇಲ್ಲ. ಮುಂದಿನ ಭಾಗದ ದುಗ್ಧರಸವು ಕಿವಿಯ ಮುಂದಿನ ಗ್ರಂಥಿಗಳಿಗೂ, ಹಿಂದಿನದು ಕಿವಿಯ ಹಿಂದಣ ಮತ್ತು ಹೆಡತಲೆಯ ಗ್ರಂಥಿಗಳಿಗೂ ಇಳಿಯುತ್ತದೆ. ಶಾಲೆಗೆ ಹೋಗುವ ಹುಡುಗಿಯ ಹೆಡತಲೆಯ ಕೆಳಗೆ ಕಡಲೆಕಾಳಿನಷ್ಟು ಗಂಟುಗಳು ಕೈಗೆ ಸಿಕ್ಕಾಗ ತಾಯಿ ಹೆದರಿ ವೈದ್ಯರಲ್ಲಿಗೆ ಕರೆತರುತ್ತಾಳೆ. ಹೊಸ ವೈದ್ಯನೂ ಹೆದರಿ ರಕ್ತಪರೀಕ್ಷೆಗಳ ಪಟ್ಟಿಯನ್ನು ಬರೆಯುತ್ತಾನೆ. ಅದಕ್ಕೆ ಮೊದಲು ಜಡೆ ಬಿಚ್ಚಿಸಿ, ಕೂದಲನ್ನು ಪಾಲು ಮಾಡಿ, ಕಿವಿಯ ಹಿಂದೆಯೂ ಹೆಡತಲೆಯಲ್ಲಿಯೂ ಹೇನು, ಸೀರು, ಕೆರೆದ ಹುಣ್ಣುಗಳಿವೆಯೇ ಎಂದು ಒಳ್ಳೆಯ ಬೆಳಕಿನಲ್ಲಿ ನೋಡಬೇಕು.